ಅಟ್ಲಾಂಟಿಕ್ ದಾಟೋ ಕ್ರೂಸ್‌ಗೆ ಕಮ್ಮಿ ರೇಟಿನ ಒನ್ ವೇ ಫ್ಲೈಟ್ ಹಿಡಿಯೋದು ಹೇಗೆ: ಸಮಗ್ರ ಮಾರ್ಗದರ್ಶಿ

ಹದಿನಾಲ್ಕು ರಾತ್ರಿಯ ಕ್ರೂಸ್ ಇಷ್ಟು ಕಮ್ಮಿಗೆ ಸಿಕ್ತಲ್ಲ ಅಂತ ಖುಷಿಯಲ್ಲಿ ಅಡ್ವಾನ್ಸ್ ಕಟ್ಟಿಬಿಡ್ತಾರೆ, ಆಮೇಲೆ ನಿಧಾನಕ್ಕೆ ಫ್ಲೈಟ್ ನೋಡೋಕೆ ಕೂತ್ರೆ ಒಂದು ಕಡೆಯ ಟಿಕೆಟ್ಟೇ ಕ್ಯಾಬಿನ್ ರೇಟಿನ ಹತ್ರಕ್ಕೆ ಬಂದು ನಿಂತಿರತ್ತೆ. ಈ ತಕರಾರು ಹೇಳ್ಕೊಂಡು ಬರೋರು ಒಬ್ಬಿಬ್ರಲ್ಲ. ಸರ್ಚ್ ಮಾಡೋಕೆ ಎಲ್ಲರಿಗೂ ಬರತ್ತೆ, ಎಡವೋದು ಯಾವುದನ್ನ ಮೊದಲು ನೋಡ್ಬೇಕು, ಯಾವುದನ್ನ ಆಮೇಲೆ ನೋಡ್ಬೇಕು ಅನ್ನೋದ್ರಲ್ಲಿ. ಅದಕ್ಕೇ ಹಂತಗಳನ್ನ ಮಾಡ್ಬೇಕಾದ ಕ್ರಮದಲ್ಲೇ ಬರೆದಿದೀನಿ, ದಯವಿಟ್ಟು ಮಧ್ಯದಿಂದ ಶುರು ಮಾಡ್ಬೇಡಿ.

ಒಂದು ಲೆಕ್ಕ ಮೊದಲೇ ತಲೇಲಿ ಇರ್ಲಿ. ಈ ಹಡಗು ನಿಮ್ಮನ್ನ ಆಚೆ ದಡದಲ್ಲಿ ಇಳಿಸಿ ಹೋಗತ್ತೆ, ವಾಪಸ್ ಕರ್ಕೊಂಡು ಬರಲ್ಲ. ಹಾಗಾಗಿ ಕ್ರೂಸ್, ಫ್ಲೈಟ್, ಲಗೇಜ್ ಚಾರ್ಜ್, ಹೋಟೆಲ್ ರಾತ್ರಿ, ಏರ್‌ಪೋರ್ಟಿಂದ ಬಂದರಿಗೆ ಹೋಗೋ ಖರ್ಚು, ಈ ಐದೂ ಸೇರಿದ ಮೇಲೇನೇ ನಿಮ್ಮ ಪ್ರಯಾಣದ ರೇಟ್ ಗೊತ್ತಾಗೋದು.

## ಏನೇನು ಬೇಕು

ಗೂಗಲ್ ಫ್ಲೈಟ್ಸ್ ಬೇಕೇ ಬೇಕು, ಯಾಕಂದ್ರೆ ಒಂದೇ ಸಲಕ್ಕೆ ಹೊರಡೋ ಜಾಗದಲ್ಲಿ 7, ತಲುಪೋ ಜಾಗದಲ್ಲಿ 7 ಏರ್‌ಪೋರ್ಟ್ ಹಾಕಿ ನೋಡ್ಬಹುದು. ಅದ್ರ ಜೊತೆ ಸ್ಕೈಸ್ಕ್ಯಾನರ್ ಅಥವಾ ಕಯಾಕ್, ಎರಡರಲ್ಲಿ ಒಂದು ಸಾಕು. ಒಂದು ಸಿಂಪಲ್ ಸ್ಪ್ರೆಡ್‌ಶೀಟ್. ಮ್ಯಾಪ್. ನಿಮ್ಮ ಪಾಸ್‌ಪೋರ್ಟ್ ಮತ್ತೆ ವೀಸಾ ಎದುರಿಗೆ ತೆಗೆದಿಟ್ಕೊಳ್ಳಿ, ಅದ್ರಲ್ಲಿ ಎಷ್ಟು ಸಲ ಎಂಟ್ರಿ ಇದೆ ಅಂತ ಮುಂದೆ ನೋಡ್ಬೇಕಾಗತ್ತೆ. ದುಡ್ಡು ಕಟ್ಟೋಕೆ ಡೆಬಿಟ್ ಕಾರ್ಡ್ ಬೇಡ, ಕ್ರೆಡಿಟ್ ಕಾರ್ಡ್ ಇರ್ಲಿ, ಕಾರಣ ಕೆಳಗೆ ಹೇಳ್ತೀನಿ.

## ಹಂತ 1: ನೀವು ಯಾವ ದಡದವರು ಅಂತ ತೀರ್ಮಾನ ಮಾಡಿ

ಇದನ್ನ ಬಿಟ್ಟು ಮುಂದೆ ಹೋಗೋರೇ ಜಾಸ್ತಿ, ಆದ್ರೆ ಯಾವ ಥರದ ಟಿಕೆಟ್ ಹುಡುಕ್ಬೇಕು ಅನ್ನೋದು ಇಲ್ಲೇ ನಿರ್ಧಾರ ಆಗೋದು.

ಅಮೆರಿಕ ಕಡೆ ಅಥವಾ ಯುರೋಪ್ ಕಡೆ ವಾಸ ಮಾಡೋರಿಗೆ ಸಮುದ್ರದ ಮೇಲೆ ಒಂದೇ ಒಂದು ಫ್ಲೈಟ್ ಬೇಕು. ನಿಜವಾದ ಒನ್ ವೇ ಸಮಸ್ಯೆ ಇವರದ್ದೇ, ಈ ಲೇಖನದ ಬಹುಪಾಲು ಇವರಿಗೇ.

ಎರಡೂ ದಡದವರಲ್ಲದೆ ಮೂರನೇ ಕಡೆ ಇರೋರಿಗೆ ಲೆಕ್ಕ ಬೇರೆ. ಮನೆಯಿಂದ ಬಾರ್ಸಿಲೋನಾಕ್ಕೆ ಹೋಗಿ, ಹಡಗಲ್ಲಿ ಮಯಾಮಿಗೆ ಹೋಗಿ, ಮಯಾಮಿಯಿಂದ ಮನೆಗೆ ಬರ್ತೀರ ಅಂದ್ಕೊಳ್ಳಿ. ಇದನ್ನ ಎರಡು ಒನ್ ವೇ ಅಂತ ಹುಡುಕಿದ್ರೆ ಸುಮ್ನೆ ಜಾಸ್ತಿ ಕೊಡ್ತೀರ. ಸರ್ಚ್ ಪೇಜಲ್ಲಿ 'ಮಲ್ಟಿ ಸಿಟಿ' ಅಂತ ಇರತ್ತಲ್ಲ, ಅದ್ರಲ್ಲಿ ಎರಡನ್ನೂ ಒಂದೇ ಟಿಕೆಟ್ಟಾಗಿ ಹಾಕಿ. ಇದಕ್ಕೆ ಓಪನ್ ಜಾ ಟಿಕೆಟ್ ಅಂತಾರೆ. ಒಂದೇ ಏರ್‌ಲೈನ್ ಅಥವಾ ಒಂದೇ ಅಲಯನ್ಸ್ (ಏರ್‌ಲೈನ್‌ಗಳ ಒಕ್ಕೂಟ) ಒಳಗೆ ಇದ್ರೆ ಸಾಮಾನ್ಯವಾಗಿ ಬಾರ್ಸಿಲೋನಾ ರಿಟರ್ನ್ ರೇಟಿನ ಅರ್ಧ, ಮಯಾಮಿ ರಿಟರ್ನ್ ರೇಟಿನ ಅರ್ಧ ಸೇರಿಸಿದ ಹಾಗೆ ರೇಟ್ ಬರತ್ತೆ. ನೀವು ಈ ಗುಂಪಿನವರಾದ್ರೆ 4, 7ನೇ ಹಂತ ಬಿಟ್ಟು ಉಳಿದಿದ್ದು ಓದಿ.

ಇನ್ನೂ ಒಂದು ಗುಂಪಿದೆ, ಚಿಕ್ಕದು. ವಸಂತದಲ್ಲಿ ಹಡಗಲ್ಲಿ ಯುರೋಪಿಗೆ ಹೋಗಿ, ಅದೇ ವರ್ಷ ಶರತ್ಕಾಲದಲ್ಲಿ ಮತ್ತೊಂದು ಹಡಗಲ್ಲಿ ಯುರೋಪಿಂದ ಅಮೆರಿಕಕ್ಕೆ ಬರೋ ಪ್ಲಾನ್ ಇರೋ ಅಮೆರಿಕದವರು. ಇವರು ಎರಡು ಒನ್ ವೇ ತಗೊಳ್ಳೋ ಬದಲು ಯುರೋಪಿಂದ ಶುರುವಾಗೋ ರಿಟರ್ನ್ ಟಿಕೆಟ್ ನೋಡ್ಬೇಕು, ಅಂದ್ರೆ ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ನ್ಯೂಯಾರ್ಕ್, ಅಕ್ಟೋಬರಲ್ಲಿ ನ್ಯೂಯಾರ್ಕಿಂದ ಲಿಸ್ಬನ್, ಒಂದೇ ಟಿಕೆಟ್. ಎರಡೂ ಭಾಗ ಪೂರ್ತಿ ಉಪಯೋಗಿಸ್ತೀರ, ಯಾವ ನಿಯಮವೂ ಮುರಿಯಲ್ಲ. ಆ ಫೇರ್‌ನಲ್ಲಿ ಗರಿಷ್ಠ ಎಷ್ಟು ದಿನದ ಒಳಗೆ ವಾಪಸ್ ಆಗ್ಬೇಕು ಅಂತ ಇದೆಯಾ ಅನ್ನೋದನ್ನ ಮಾತ್ರ ಓದ್ಕೊಳ್ಳಿ.

## ಹಂತ 2: ಕ್ರೂಸ್‌ಗೆ ಅಡ್ವಾನ್ಸ್ ಕಟ್ಟೋಕೆ ಮುಂಚೆ ಆ ತಿಂಗಳ ಫ್ಲೈಟ್ ನೋಡಿ

ಹಡಗುಗಳು ಚಳಿಗಾಲ ಕೆರಿಬಿಯನ್ ಕಡೆ ಓಡತ್ವೆ, ಬೇಸಿಗೆ ಮೆಡಿಟರೇನಿಯನ್ ಮತ್ತೆ ಉತ್ತರ ಯುರೋಪ್ ಕಡೆ. ಜಾಗ ಬದಲಾಯಿಸೋಕೆ ಹೇಗಿದ್ರೂ ಅಟ್ಲಾಂಟಿಕ್ ದಾಟ್ಲೇಬೇಕು, ಖಾಲಿ ಹೋಗೋ ಬದಲು ಜನ ತುಂಬಿಸ್ಕೊಂಡು ಹೋಗತ್ವೆ. ಹಾಗಾಗಿ ಪೂರ್ವಕ್ಕೆ ಹೋಗೋವು ಹೆಚ್ಚಾಗಿ ಏಪ್ರಿಲ್ ಮೇ, ಪಶ್ಚಿಮಕ್ಕೆ ಹೋಗೋವು ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಕ್ವೀನ್ ಮೇರಿ 2 ಅನ್ನೋ ಹಡಗು ಮಾತ್ರ ಬೇರೆ ಥರ, ಸೌತಾಂಪ್ಟನ್ ನ್ಯೂಯಾರ್ಕ್ ಮಧ್ಯೆ ಸಾಮಾನ್ಯವಾಗಿ 7 ರಾತ್ರಿಯ ಟ್ರಿಪ್ ಮತ್ತೆ ಮತ್ತೆ ಮಾಡ್ತಿರತ್ತೆ. ತಾರೀಖು ನಿಮ್ಮ ಕೈಲಿ ಇರ್ಬೇಕು ಅಂದ್ರೆ ಅದನ್ನ ಮೊದಲು ನೋಡಿ, ಫ್ಲೈಟ್ ಯಾವ ವಾರ ಕಮ್ಮಿಯೋ ಆ ವಾರದ ಹಡಗು ಆರಿಸ್ಕೊಳ್ಬಹುದು.

ಅಮೆರಿಕದಲ್ಲಿರೋರಿಗೆ ಶರತ್ಕಾಲದ ಕ್ರೂಸ್ ಸುಲಭ, ಯುರೋಪಿಗೆ ಹೋಗೋ ಫ್ಲೈಟ್ ಅಕ್ಟೋಬರ್ ನವೆಂಬರಲ್ಲಿ ಬೇಕಾಗತ್ತೆ, ಆಗ ರಶ್ ಇರಲ್ಲ. ವಸಂತದ ಕ್ರೂಸ್ ಆದ್ರೆ ವಾಪಸ್ ಬರೋ ಫ್ಲೈಟ್ ಮೇ ಕೊನೆ ಕಡೆ ಹೋದಷ್ಟೂ ಬೇಸಿಗೆ ರೇಟಿನ ಹತ್ರ ಹೋಗತ್ತೆ, ಹಾಗಾಗಿ ಏಪ್ರಿಲಲ್ಲಿ ಹೊರಡೋ ಹಡಗು ನೋಡೋದು ಒಳ್ಳೇದು. ಯುರೋಪಲ್ಲಿರೋರು ಏಪ್ರಿಲಲ್ಲಿ ಫ್ಲೋರಿಡಾಕ್ಕೆ ಹಾರ್ಬೇಕಾದ್ರೆ ಈಸ್ಟರ್ ರಜೆ ಯಾವಾಗ ಅಂತ ನೋಡ್ಲೇಬೇಕು, ನವೆಂಬರಲ್ಲಿ ಫ್ಲೋರಿಡಾದಿಂದ ಮನೆಗೆ ಬರೋರು ಥ್ಯಾಂಕ್ಸ್‌ಗಿವಿಂಗ್ ವಾರ ತಪ್ಪಿಸ್ಬೇಕು, ಅದು ನವೆಂಬರ್ ತಿಂಗಳ ನಾಲ್ಕನೇ ಗುರುವಾರ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಏರ್‌ಲೈನ್‌ಗಳ ಬೇಸಿಗೆ ಟೈಮ್‌ಟೇಬಲ್ ಮಾರ್ಚ್ ಕೊನೇ ಭಾನುವಾರ ಶುರುವಾಗಿ ಅಕ್ಟೋಬರ್ ಕೊನೇ ಭಾನುವಾರದ ಹಿಂದಿನ ದಿನ, ಶನಿವಾರ ಮುಗಿಯತ್ತೆ. ಬೇಸಿಗೆಗೆ ಅಂತ ಹಾಕಿದ ಎಷ್ಟೋ ಡೈರೆಕ್ಟ್ ಫ್ಲೈಟ್‌ಗಳು ಆ ಶನಿವಾರದ ಆಚೆ ಇರೋದೇ ಇಲ್ಲ. ನೀವು ಜುಲೈ ತಿಂಗಳ ಶೆಡ್ಯೂಲ್ ನೋಡಿ 'ಡೈರೆಕ್ಟ್ ಇದೆ' ಅಂತ ಅಂದ್ಕೊಂಡಿರ್ತೀರ, ನವೆಂಬರ್ 5ಕ್ಕೆ ಹುಡುಕಿದ್ರೆ ಎರಡು ಕಡೆ ಬದಲಾಯಿಸ್ಕೊಂಡು ಹೋಗ್ಬೇಕು ಅಂತ ಬರತ್ತೆ. ಹಡಗಿನ ತಾರೀಖು ಈ ಗೆರೆಯ ಯಾವ ಕಡೆ ಇದೆ ಅಂತ ಮೊದಲೇ ನೋಡ್ಕೊಳ್ಳಿ.

ಕ್ರೂಸ್ ಬುಕಿಂಗ್ ಒಂದೂವರೆ ಎರಡು ವರ್ಷ ಮುಂಚೆ ತೆರೆಯತ್ತೆ, ಫ್ಲೈಟ್ ಸುಮಾರು 11 ತಿಂಗಳು ಮುಂಚೆ. ನಿಮ್ಮ ತಾರೀಖಿಗೆ ಇನ್ನೂ ಫ್ಲೈಟ್ ಬಂದಿಲ್ಲ ಅಂದ್ರೆ ಈ ವರ್ಷದ ಅದೇ ವಾರದ ರೇಟ್ ನೋಡಿ ಬರ್ಕೊಳ್ಳಿ, ಅಂದಾಜಿಗೆ ಅದು ಸಾಕು. ಅಡ್ವಾನ್ಸ್ ವಾಪಸ್ ಸಿಗೋ ಥರದ ಕ್ರೂಸ್ ರೇಟ್ ಆರಿಸ್ಕೊಂಡ್ರೆ ಫ್ಲೈಟ್ ಕೈಗೆ ಸಿಗದೇ ಇದ್ರೂ ಹೊರಗೆ ಬರೋ ದಾರಿ ಇರತ್ತೆ. ವಾಪಸ್ ಸಿಗದ ಅಡ್ವಾನ್ಸ್ ಸ್ವಲ್ಪ ಕಮ್ಮಿ ಅಂತ ಅದಕ್ಕೆ ಬೀಳ್ಬೇಡಿ.

## ಹಂತ 3: ಬ್ರೋಷರ್‌ನಲ್ಲಿರೋ ಊರು ಬೇರೆ, ಬಂದರು ಬೇರೆ

ಕ್ರೂಸ್ ಕಂಪನಿಗಳು 'ರೋಮ್' ಅಂತ ಬರೀತಾರೆ, ಹಡಗು ನಿಲ್ಲೋದು ಚಿವಿಟಾವೆಕ್ಕಿಯಾದಲ್ಲಿ. 'ಲಂಡನ್' ಅಂದ್ರೆ ಹೆಚ್ಚಾಗಿ ಸೌತಾಂಪ್ಟನ್, ಹೀಥ್ರೂ ಏರ್‌ಪೋರ್ಟಿಂದ ಸುಮಾರು 100 ಕಿಲೋಮೀಟರ್. 'ಪ್ಯಾರಿಸ್' ಅಂದ್ರೆ ಲ ಹಾವ್ರ್, ಅದು ಪ್ಯಾರಿಸ್‌ನಿಂದ ಸುಮಾರು 200 ಕಿಲೋಮೀಟರ್. 'ವೆನಿಸ್' ಇನ್ನೂ ಗೊಂದಲ, 2021ರ ಆಗಸ್ಟಿಂದ ದೊಡ್ಡ ಹಡಗುಗಳಿಗೆ ವೆನಿಸ್ ನಗರದ ಪಕ್ಕದ ಕಾಲುವೆಗೆ ಬರೋ ಹಾಗಿಲ್ಲ, ಎಷ್ಟೋ ಹಡಗು ರಾವೆನ್ನಾ ಅಥವಾ ಟ್ರಿಯೆಸ್ಟೆಯಿಂದ ಹೊರಡತ್ವೆ. ಫ್ಲೋರಿಡಾದಲ್ಲೂ ಅಷ್ಟೇ, 'ಒರ್ಲಾಂಡೊ' ಅಂದ್ರೆ ಪೋರ್ಟ್ ಕೆನವೆರಲ್, ಏರ್‌ಪೋರ್ಟಿಂದ ಸುಮಾರು 70 ಕಿಲೋಮೀಟರ್.

ಒಳ್ಳೇ ಬಂದರುಗಳೂ ಇವೆ. ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬಂದರು ಏರ್‌ಪೋರ್ಟ್ ಪಕ್ಕಪಕ್ಕ, ಕೆಲವೇ ಕಿಲೋಮೀಟರ್. ಲಿಸ್ಬನ್ ಮತ್ತೆ ಬಾರ್ಸಿಲೋನಾದಲ್ಲೂ ಟ್ಯಾಕ್ಸಿ ಹತ್ತಿದ್ರೆ ಬೇಗ ತಲುಪ್ತೀರ. ಎರಡು ಕ್ರೂಸ್ ರೇಟು ಹತ್ರ ಹತ್ರ ಇದ್ರೆ ನಾನು ಲಿಸ್ಬನ್ ಅಥವಾ ಬಾರ್ಸಿಲೋನಾದ್ದೇ ತಗೊಳ್ಳಿ ಅಂತೀನಿ, ಅಲ್ಲಿಂದ ಅಟ್ಲಾಂಟಿಕ್ ದಾಟೋ ಏರ್‌ಲೈನ್‌ಗಳಲ್ಲಿ ಒನ್ ವೇ ರೇಟು ಸರಿಯಾಗಿ ಇಡೋವು ಸಿಗೋ ಚಾನ್ಸ್ ಜಾಸ್ತಿ.

ಈಗ ಸ್ಪ್ರೆಡ್‌ಶೀಟಲ್ಲಿ ಬಂದರಿನ ಹೆಸರು ಬರೆದು ಪಕ್ಕದಲ್ಲಿ ಬಸ್ಸು ರೈಲಲ್ಲಿ ಮೂರು ಗಂಟೆಯೊಳಗೆ ತಲುಪೋ ಎಲ್ಲ ಏರ್‌ಪೋರ್ಟ್ ಬರೀರಿ. ಸೌತಾಂಪ್ಟನ್‌ಗೆ ಹೀಥ್ರೂ ಮಾತ್ರ ಅಲ್ದೆ ಗ್ಯಾಟ್ವಿಕ್ ಕೂಡ ಬರತ್ತೆ. ಮಯಾಮಿಗೆ ಫೋರ್ಟ್ ಲಾಡರ್‌ಡೇಲ್ ಬರತ್ತೆ, ಅದೇ ಥರ ಫೋರ್ಟ್ ಲಾಡರ್‌ಡೇಲ್‌ಗೆ ಮಯಾಮಿ. ನ್ಯೂಯಾರ್ಕಿಗೆ ಜೆಎಫ್‌ಕೆ ಜೊತೆ ನ್ಯೂಅರ್ಕ್ ಸೇರಿಸಿ.

## ಹಂತ 4: ಒನ್ ವೇ ರೇಟು ಸರಿಯಾಗಿ ಇಡೋ ಏರ್‌ಲೈನ್ ಮೊದಲು ನೋಡಿ

ದೊಡ್ಡ ಏರ್‌ಲೈನ್‌ಗಳಲ್ಲಿ ಒನ್ ವೇ ಟಿಕೆಟ್ ಎಷ್ಟೋ ಸಲ ರಿಟರ್ನ್ ಟಿಕೆಟ್ಟಿಗಿಂತ ದುಬಾರಿ ಇರತ್ತೆ, ಇದು ವೆಬ್‌ಸೈಟ್ ತಪ್ಪಲ್ಲ. ಅವರ ಕಮ್ಮಿ ರೇಟು ರಜೆಗೆ ಹೋಗಿ ವಾಪಸ್ ಬರೋರಿಗೆ ಅಂತ ಇಟ್ಟಿರ್ತಾರೆ, ಹೋಗಿ ಬರೋದು ಎರಡೂ ಇದ್ರೆ ಮಾತ್ರ ಅದು ಅನ್ವಯ ಆಗತ್ತೆ. ಒನ್ ವೇ ಕೇಳಿದ ತಕ್ಷಣ ಸಿಸ್ಟಮ್ ನಿಮ್ಮನ್ನ ಕೆಲಸದ ಮೇಲೆ ಹೋಗೋರ ರೇಟಿಗೆ ತಳ್ಳತ್ತೆ. ಜೊತೆಗೆ ಅಟ್ಲಾಂಟಿಕ್ ಮೇಲಿನ ಬಹುಪಾಲು ಸೀಟು ಮೂರು ಕೂಟಗಳ ಕೈಲಿದೆ: ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಐಬೀರಿಯಾ ಒಂದು, ಡೆಲ್ಟಾ, ಏರ್ ಫ್ರಾನ್ಸ್, ಕೆಎಲ್‌ಎಂ, ವರ್ಜಿನ್ ಅಟ್ಲಾಂಟಿಕ್ ಇನ್ನೊಂದು, ಯುನೈಟೆಡ್, ಲುಫ್ತಾನ್ಸಾ, ಏರ್ ಕೆನಡಾ ಮೂರನೇದು. ಒಂದು ಕೂಟದೊಳಗೆ ಎಲ್ಲರೂ ಸೇರಿ ರೇಟ್ ಇಡ್ತಾರೆ, ಹಾಗಾಗಿ ಒಬ್ಬರ ಸೈಟಿಂದ ಇನ್ನೊಬ್ಬರ ಸೈಟಿಗೆ ಹಾರ್ತಾ ಕೂತ್ರೂ ಅದೇ ನಂಬರ್ ಕಾಣೋದು.

ಬೇರೆಯಾಗಿ ನೋಡ್ಬೇಕಾದವು ಇವು. ಏರ್ ಲಿಂಗಸ್, ಡಬ್ಲಿನ್ ಮೂಲಕ. ಇದು ಮೊದಲನೇ ಕೂಟದಲ್ಲೇ ಇದ್ರೂ ಒನ್ ವೇ ರೇಟನ್ನ ಬೇರೆಯಾಗಿ ಇಡತ್ತೆ. ಐಸ್‌ಲ್ಯಾಂಡ್ಏರ್, ರೇಕ್ಯವಿಕ್ ಮೂಲಕ. ಜೆಟ್‌ಬ್ಲೂ, ನ್ಯೂಯಾರ್ಕ್ ಮತ್ತೆ ಬಾಸ್ಟನ್‌ನಿಂದ. ನಾರ್ಸ್ ಅಟ್ಲಾಂಟಿಕ್. ಲೆವೆಲ್, ಬಾರ್ಸಿಲೋನಾದಿಂದ, ಬಾರ್ಸಿಲೋನಾ ಕ್ರೂಸ್ ಇರೋರು ಇದನ್ನೇ ಮೊದಲು ನೋಡಿ. ಫ್ರೆಂಚ್ ಬೀ, ಪ್ಯಾರಿಸ್ ಓರ್ಲಿಯಿಂದ. ಕಾಂಡೋರ್, ಫ್ರಾಂಕ್‌ಫರ್ಟ್‌ನಿಂದ. ಟ್ಯಾಪ್ ಪೋರ್ಚುಗಲ್, ಲಿಸ್ಬನ್‌ನಿಂದ. ಇವರ ರೂಟು ಸೀಸನ್ ಪ್ರಕಾರ ಬದಲಾಗ್ತಾನೇ ಇರತ್ತೆ, ಹಾಗಾಗಿ ಯಾರೋ ಹೋದ ವರ್ಷ ಹೋಗಿದ್ರು ಅಂತ ನಂಬ್ಕೊಂಡು ಕೂರ್ಬೇಡಿ, ನಿಮ್ಮ ತಾರೀಖು ಹಾಕಿ ನೋಡಿ.

ಸಣ್ಣ ಏರ್‌ಲೈನ್ ಅಂದ್ಮೇಲೆ ಒಂದು ಅಪಾಯ ಇದೆ, ಅದನ್ನ ಮುಚ್ಚಿಡಲ್ಲ. ಪ್ರೈಮೆರಾ 2018ರ ಅಕ್ಟೋಬರಲ್ಲಿ, ವಾವ್ 2019ರ ಮಾರ್ಚಲ್ಲಿ, ಪ್ಲೇ 2025ರ ಸೆಪ್ಟೆಂಬರಲ್ಲಿ ಬಾಗಿಲು ಮುಚ್ಚಿದ್ವು, ಮೂರೂ ಅಟ್ಲಾಂಟಿಕ್ ಮೇಲೆ ಕಮ್ಮಿ ರೇಟಿಗೆ ಮಾರ್ತಿದ್ದವೇ. ಕ್ರೆಡಿಟ್ ಕಾರ್ಡ್ ಅಂತ ಹೇಳಿದ್ದು ಇದಕ್ಕೇ, ಸಿಗದ ಸೇವೆಯ ದುಡ್ಡು ವಾಪಸ್ ಕೇಳೋಕೆ ಕಾರ್ಡ್ ಕಂಪನಿ ಮೂಲಕ ಒಂದು ದಾರಿ ಇರತ್ತೆ.

## ಹಂತ 5: ಸರ್ಚ್ ಮಾಡೋ ಕ್ರಮ

ಮೊದಲು ಗೂಗಲ್ ಫ್ಲೈಟ್ಸಲ್ಲಿ ಒನ್ ವೇ ಆರಿಸಿ, 3ನೇ ಹಂತದಲ್ಲಿ ಬರೆದ ಏರ್‌ಪೋರ್ಟ್‌ಗಳನ್ನೆಲ್ಲ ಒಟ್ಟಿಗೆ ಹಾಕಿ. ಕ್ಯಾಲೆಂಡರ್ ತೆಗೆದು ಹಡಗಿನ ತಾರೀಖಿನ ಆಚೆ ಈಚೆ ಒಂದು ವಾರ ನೋಡಿ. ಎರಡು ದಿನ ಮುಂಚೆ ಹೋದ್ರೆ ರೇಟು ಚೆನ್ನಾಗಿ ಇಳಿಯತ್ತೆ ಅಂತ ಕಂಡ್ರೆ, ಆ ಉಳಿತಾಯಕ್ಕೂ ಎರಡು ರಾತ್ರಿ ಹೋಟೆಲ್ಲಿಗೂ ಹೋಲಿಸಿ ನೋಡಿ.

ಎರಡನೇದು, ಸಮುದ್ರ ದಾಟೋ ಭಾಗ ಮಾತ್ರ ಬೇರೆ ಮಾಡಿ ಹುಡುಕಿ. ಇಲ್ಲೇ ದುಡ್ಡು ಉಳಿಯೋದು. ನಿಮ್ಮೂರಿಂದ ಬಂದರಿನೂರಿಗೆ ಅಂತ ನೇರ ಹುಡುಕಿದ್ರೆ ಸಿಸ್ಟಮ್ ಆ ಮೂರು ಕೂಟದ ಟಿಕೆಟ್ಟನ್ನೇ ತೋರಿಸ್ತಿರತ್ತೆ. ಅದ್ರ ಬದಲು ನ್ಯೂಯಾರ್ಕ್, ಬಾಸ್ಟನ್ ಒಂದು ಕಡೆ, ಡಬ್ಲಿನ್, ಲಂಡನ್, ಲಿಸ್ಬನ್, ಬಾರ್ಸಿಲೋನಾ, ಪ್ಯಾರಿಸ್ ಇನ್ನೊಂದು ಕಡೆ ಹಾಕಿ, ಅತಿ ಕಮ್ಮಿ ಎಲ್ಲಿ ಅಂತ ನೋಡಿ, ಆಮೇಲೆ ಎರಡೂ ತುದಿಗೆ ಸಣ್ಣ ಫ್ಲೈಟೋ ರೈಲೋ ಜೋಡಿಸಿ. ನದಿ ದಾಟೋನು ತನ್ನ ಮನೆ ಎದುರೇ ದಾಟ್ಬೇಕು ಅಂತ ಹಠ ಮಾಡದೆ ನೀರು ಕಮ್ಮಿ ಇರೋ ಜಾಗಕ್ಕೆ ನಡೆದು ಹೋಗ್ತಾನಲ್ಲ, ಹಾಗೆ.

ಈ ಥರ ಬೇರೆ ಬೇರೆ ಟಿಕೆಟ್ ಜೋಡಿಸಿದಾಗ ಮೊದಲನೇ ಫ್ಲೈಟ್ ಲೇಟಾದ್ರೆ ಎರಡನೇ ಏರ್‌ಲೈನ್‌ಗೆ ಏನೂ ಸಂಬಂಧ ಇಲ್ಲ, ಟಿಕೆಟ್ ಹೋಯ್ತು ಅಂತಲೇ ಅರ್ಥ. ಲಗೇಜ್ ನೀವೇ ಇಳಿಸ್ಕೊಂಡು, ಇಮಿಗ್ರೇಷನ್ ದಾಟಿ, ಮತ್ತೆ ಚೆಕ್ ಇನ್ ಮಾಡ್ಬೇಕು. ಡಬ್ಲಿನ್‌ನಲ್ಲಿ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸ್ತಾರೆ, ಅದಕ್ಕೂ ಟೈಮ್ ಬೇಕು. ನಾಲ್ಕೈದು ಗಂಟೆಗಿಂತ ಕಮ್ಮಿ ಅಂತರ ಇಡ್ಬೇಡಿ, ಆ ದಿನಕ್ಕೆ ಅದೇ ಕೊನೇ ಫ್ಲೈಟ್ ಆಗಿದ್ರೆ ಒಂದು ರಾತ್ರಿ ಅಲ್ಲೇ ಉಳ್ಕೊಳ್ಳೋದು ಉತ್ತಮ.

ಬ್ರಿಟನ್‌ನಿಂದ ಹೊರಡೋ ಫ್ಲೈಟ್‌ಗೆ ಏರ್ ಪ್ಯಾಸೆಂಜರ್ ಡ್ಯೂಟಿ ಅಂತ ತೆರಿಗೆ ಇದೆ, ಲಂಡನ್‌ನಿಂದ ಅಮೆರಿಕಕ್ಕೆ ಎಕಾನಮಿಯಲ್ಲಿ 2026ರ ಏಪ್ರಿಲ್ 1ರಿಂದ ತಲೆಗೆ 102 ಪೌಂಡ್, ಪ್ರೀಮಿಯಂ ಎಕಾನಮಿ ಮೇಲಾದ್ರೆ ಅದರ ಎರಡು ಪಟ್ಟಿಗೂ ಜಾಸ್ತಿ. ಎಕಾನಮಿಯಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬ್ರಿಟನ್‌ಗೆ ಬರೋ ಫ್ಲೈಟ್‌ಗೆ ಈ ತೆರಿಗೆ ಬೀಳಲ್ಲ, ಹೊರಡೋದಕ್ಕೆ ಮಾತ್ರ. ಅಂದ್ರೆ ಅಮೆರಿಕದವರು ಲಂಡನ್‌ಗೆ ಹಾರಿ ಸೌತಾಂಪ್ಟನ್‌ನಿಂದ ಹಡಗಲ್ಲಿ ವಾಪಸ್ ಬಂದ್ರೆ ಇದ್ರಿಂದ ಪಾರು.

ಕೊನೆಗೆ, ಕಮ್ಮಿ ಅಂತ ಕಂಡ ಟಿಕೆಟ್ಟನ್ನ ಏರ್‌ಲೈನ್ ಸ್ವಂತ ಸೈಟಲ್ಲಿ ತೆಗೆದು ನೋಡಿ. ಹತ್ತಿಪ್ಪತ್ತು ಡಾಲರ್ ವ್ಯತ್ಯಾಸಕ್ಕೆ ಹೆಸರೇ ಕೇಳದ ಏಜೆಂಟ್ ಸೈಟಲ್ಲಿ ತಗೊಂಡ್ರೆ ಟೈಮ್ ಬದಲಾದಾಗ ಏರ್‌ಲೈನ್ ಏಜೆಂಟನ್ನ ಕೇಳಿ ಅನ್ನತ್ತೆ, ಏಜೆಂಟ್ ಏರ್‌ಲೈನನ್ನ ಕೇಳಿ ಅಂತಾನೆ, ನಿಮ್ಮ ಹಡಗು ಮಾತ್ರ ಯಾರಿಗೂ ಕಾಯಲ್ಲ.

## ಹಂತ 6: ಕ್ರೂಸ್ ಕಂಪನಿಯ ಫ್ಲೈಟ್ ಮತ್ತೆ ಮೈಲ್ಸ್

ಕ್ರೂಸ್ ಕಂಪನಿ ಮೂಲಕ ಫ್ಲೈಟ್ ತಗೊಂಡ್ರೆ ದುಬಾರಿ ಅಂತ ಒಂದು ನಂಬಿಕೆ ಇದೆ, ಸಾಮಾನ್ಯ ಕ್ರೂಸ್‌ಗೆ ಅದು ನಿಜ ಇರ್ಬಹುದು, ಆದ್ರೆ ಒನ್ ವೇ ವಿಷಯಕ್ಕೆ ಎಷ್ಟೋ ಸಲ ಉಲ್ಟಾ. ಅವರ ಹತ್ರ ಏರ್‌ಲೈನ್ ಜೊತೆ ಮಾತಾಡಿ ತಗೊಂಡ ಹೋಲ್‌ಸೇಲ್ ರೇಟ್ ಇರತ್ತೆ, ಅದು ಒಂದು ಕಡೆಗೂ ಅನ್ವಯ ಆಗತ್ತೆ. ಪ್ರಿನ್ಸೆಸ್‌ನಲ್ಲಿ ಈಝಡ್ಏರ್, ಹಾಲೆಂಡ್ ಅಮೆರಿಕದಲ್ಲಿ ಫ್ಲೈಟ್ ಈಸ್, ರಾಯಲ್ ಕೆರಿಬಿಯನ್‌ನಲ್ಲಿ ಏರ್2ಸೀ, ಸೆಲೆಬ್ರಿಟಿಯಲ್ಲಿ ಫ್ಲೈಟ್ಸ್ ಬೈ ಸೆಲೆಬ್ರಿಟಿ ಅಂತ ಹೆಸರು. ದೊಡ್ಡ ಏರ್‌ಲೈನ್ ಸೈಟಲ್ಲಿ ಕಣ್ಣು ತಿರುಗೋ ರೇಟಿರೋ ಅದೇ ಫ್ಲೈಟ್ ಇಲ್ಲಿ ತುಂಬಾ ಕಮ್ಮಿಗೆ ಸಿಗೋದುಂಟು. ನೋಡದೆ ಬಿಡ್ಬೇಡಿ.

ಆದ್ರೆ ಎರಡು ಪ್ರಶ್ನೆ ಕೇಳಿ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಫ್ಲೈಟ್ ನಾನೇ ಆರಿಸ್ಬಹುದಾ, ಇಲ್ಲ ನೀವೇ ಕೊಡ್ತೀರಾ? ಯಾವ ದಿನದ ತನಕ ದಂಡ ಇಲ್ಲದೆ ಬದಲಾಯಿಸ್ಬಹುದು? ಅವರೇ ಆರಿಸೋದಾದ್ರೆ ಎರಡು ಕಡೆ ಇಳಿದು ಹತ್ತೋ ದಾರಿ ಬಂದ್ರೂ ಸುಮ್ನಿರ್ಬೇಕಾಗತ್ತೆ.

ಮೈಲ್ಸ್ ಪಾಯಿಂಟ್ಸ್ (ಏರ್‌ಲೈನ್‌ಗಳು ಗಿರಾಕಿಗಳಿಗೆ ಕೊಡೋ ಅಂಕ, ಅದನ್ನ ಕೊಟ್ಟು ಟಿಕೆಟ್ ತಗೊಳ್ಬಹುದು) ಇರೋರಿಗೆ ಈ ಪ್ರಯಾಣದಷ್ಟು ಒಳ್ಳೇ ಉಪಯೋಗ ಕಮ್ಮಿ. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಒನ್ ವೇಗೆ ರಿಟರ್ನ್‌ನ ಅರ್ಧ ಮೈಲ್ಸ್, ದುಡ್ಡಿನ ಟಿಕೆಟ್ ಥರ ದಂಡ ಇಲ್ಲ. ಏರ್ ಫ್ರಾನ್ಸ್ ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಪ್ರತಿ ತಿಂಗಳು ಕೆಲವು ರೂಟಿಗೆ ಕಮ್ಮಿ ಮೈಲ್ಸ್ ಆಫರ್ ಹಾಕತ್ತೆ. ಮೈಲ್ಸ್ ಜೊತೆ ಕಟ್ಟೋ ಸರ್‌ಚಾರ್ಜ್ ಎಷ್ಟು ಅಂತ ನೋಡಿಯೇ ಹೌದು ಅನ್ನಿ, ಕೆಲವು ಕಡೆ ಅದೇ ಒಂದು ಕಮ್ಮಿ ರೇಟಿನ ಟಿಕೆಟ್ಟಿನಷ್ಟು ಆಗತ್ತೆ.

## ಹಂತ 7: ರಿಟರ್ನ್ ತಗೊಂಡು ಅರ್ಧ ಬಿಡೋ ಯೋಚನೆ ಇದ್ರೆ

ಒನ್ ವೇಗಿಂತ ರಿಟರ್ನ್ ಕಮ್ಮಿ ಅಂತ ಕಂಡಾಗ ಎಲ್ಲರ ತಲೆಗೂ ಬರೋ ಯೋಚನೆ ಇದು, ಹಾಗಾಗಿ ನೇರವಾಗಿ ಹೇಳ್ತೀನಿ. ಇದು ಏರ್‌ಲೈನ್‌ಗಳ ಷರತ್ತಿಗೆ ವಿರುದ್ಧ. ಸಿಕ್ಕಿಬಿದ್ರೆ ರೇಟಿನ ವ್ಯತ್ಯಾಸ ಕೇಳ್ಬಹುದು, ಮೈಲ್ಸ್ ಅಕೌಂಟ್ ಮುಚ್ಬಹುದು. ನಾನು ಸಲಹೆ ಮಾಡಲ್ಲ.

ಆದ್ರೂ ಇಲ್ಲಿ ಆಗೋ ದೊಡ್ಡ ಅನಾಹುತ ಬೇರೆಯೇ ಇದೆ, ಅದನ್ನ ತಿಳ್ಕೊಂಡಿರಿ. ಹಡಗಲ್ಲಿ ಯುರೋಪಿಗೆ ಹೋಗಿ ಫ್ಲೈಟಲ್ಲಿ ವಾಪಸ್ ಬರೋರು, ನ್ಯೂಯಾರ್ಕಿಂದ ಬಾರ್ಸಿಲೋನಾ ರಿಟರ್ನ್ ತಗೊಂಡು ಮೊದಲನೇ ಭಾಗ ಬಿಟ್ಟು ವಾಪಸ್ ಭಾಗ ಮಾತ್ರ ಉಪಯೋಗಿಸ್ತೀನಿ ಅಂದ್ಕೊಳ್ತಾರೆ. ಮೊದಲನೇ ಫ್ಲೈಟಿಗೆ ನೀವು ಬರ್ಲಿಲ್ಲ ಅಂದ ತಕ್ಷಣ ಉಳಿದ ಟಿಕೆಟ್ ಪೂರ್ತಿ ಕ್ಯಾನ್ಸಲ್ ಆಗತ್ತೆ. ನೀವು ಸಮುದ್ರದ ಮಧ್ಯೆ ಇರ್ತೀರ, ಬಾರ್ಸಿಲೋನಾ ಏರ್‌ಪೋರ್ಟಿಗೆ ಬಂದಾಗ್ಲೇ ಗೊತ್ತಾಗೋದು. ಅಲ್ಲೇ ನಿಂತು ಅವತ್ತಿನ ಒನ್ ವೇ ತಗೊಳ್ಬೇಕು. ಇಂಥ ಟಿಕೆಟ್ ಈಗಾಗ್ಲೇ ತಗೊಂಡಿದ್ರೆ ಹಡಗು ಹತ್ತೋಕೆ ಮುಂಚೆ ಏರ್‌ಲೈನ್‌ಗೆ ಫೋನ್ ಮಾಡಿ ಏನು ಮಾಡ್ಬಹುದು ಅಂತ ಕೇಳಿ.

## ಹಂತ 8: ತಾರೀಖು ಮತ್ತೆ ಗಂಟೆ ಕೂಡಿಸೋದು

ಅಮೆರಿಕದಿಂದ ಯುರೋಪಿಗೆ ಹೋಗೋ ಫ್ಲೈಟ್ ಹೆಚ್ಚಿನವು ಸಂಜೆ ಹೊರಟು ಮಾರನೇ ದಿನ ಬೆಳಿಗ್ಗೆ ಇಳಿಯತ್ವೆ. ಹಡಗು 20ನೇ ತಾರೀಖು ಹೊರಡತ್ತೆ, ಒಂದು ದಿನ ಮುಂಚೆ ಇರ್ಲಿ ಅಂತ 19ರ ಟಿಕೆಟ್ ತಗೊಳ್ತಾರೆ, ಅದು ಇಳಿಯೋದು 20ಕ್ಕೆ. ಇದು ನಾನು ಅತಿ ಹೆಚ್ಚು ನೋಡಿರೋ ತಪ್ಪು. 19ಕ್ಕೆ ಇಳೀಬೇಕು ಅಂದ್ರೆ 18ಕ್ಕೆ ಹೊರಡ್ಬೇಕು. ಒಂದು ರಾತ್ರಿ ಅಂತೂ ಇರ್ಲೇಬೇಕು, ಬೇರೆ ಬೇರೆ ಟಿಕೆಟ್ ಜೋಡಿಸಿದ್ರೆ ಎರಡು ರಾತ್ರಿ. ಮಾಮೂಲಿ ಕ್ರೂಸಲ್ಲಿ ಹಡಗು ತಪ್ಪಿದ್ರೆ ಮುಂದಿನ ಊರಲ್ಲಿ ಹತ್ಕೊಳ್ಬಹುದು, ಇಲ್ಲಿ ಮುಂದಿನ ಊರು ಅಂದ್ರೆ ಎಷ್ಟೋ ಸಲ ಒಂದು ವಾರದ ನೀರು ದಾಟಿದ ಮೇಲೆ.

ಇಳಿಯೋ ದಿನದ ಲೆಕ್ಕ ದಿಕ್ಕಿನ ಮೇಲೆ ಹೋಗತ್ತೆ. ಯುರೋಪಲ್ಲಿ ಇಳಿದು ಅಮೆರಿಕಕ್ಕೆ ಹಾರೋರಿಗೆ ಫ್ಲೈಟ್‌ಗಳು ಹೆಚ್ಚಾಗಿ ಬೆಳಿಗ್ಗೆ ಮತ್ತೆ ಮಧ್ಯಾಹ್ನದ ಮುಂಚೆನೇ ಹೊರಡತ್ವೆ, ಹಡಗಿಂದ ಇಳಿದು ಅದನ್ನ ಹಿಡಿಯೋದು ಕಷ್ಟ, ಚಿವಿಟಾವೆಕ್ಕಿಯಾ ಅಥವಾ ಸೌತಾಂಪ್ಟನ್ ಆದ್ರೆ ಇನ್ನೂ ಕಷ್ಟ. ಒಂದು ರಾತ್ರಿ ಉಳಿದು ಮಾರನೇ ದಿನದ ಕಮ್ಮಿ ಫ್ಲೈಟ್ ತಗೊಳ್ಳಿ. ಫ್ಲೋರಿಡಾದಲ್ಲಿ ಇಳಿದು ಯುರೋಪಿಗೆ ಹಾರೋರಿಗೆ ಫ್ಲೈಟ್ ಸಂಜೆ ಇರತ್ತೆ, ಅದೇ ದಿನ ಆರಾಮಾಗಿ ಹೋಗ್ಬಹುದು, ಲಗೇಜ್ ಇಡೋಕೆ ಒಂದು ಜಾಗ ನೋಡ್ಕೊಂಡ್ರೆ ಆಯ್ತು. ಹತ್ತಿರದ ಏರ್‌ಪೋರ್ಟ್ ಆದ್ರೂ ಮಧ್ಯಾಹ್ನ 12ಕ್ಕಿಂತ ಮುಂಚಿನ ಫ್ಲೈಟ್ ಬೇಡ.

## ಹಂತ 9: ಟೋಟಲ್ ಹಾಕಿ

ಕಮ್ಮಿ ರೇಟಿನ ಒನ್ ವೇ ಟಿಕೆಟ್‌ನಲ್ಲಿ ಸೀಟ್ ಕೆಳಗೆ ಇಡೋ ಸಣ್ಣ ಬ್ಯಾಗ್ ಮಾತ್ರ ಸೇರಿರೋದು ಮಾಮೂಲು. ಎರಡು ವಾರದ ಕ್ರೂಸಿಗೆ, ಅದೂ ಫಾರ್ಮಲ್ ನೈಟ್ ಇರೋ ಹಡಗಿಗೆ, ಅಷ್ಟು ಸಾಕಾಗಲ್ಲ.

ಉದಾಹರಣೆಗೆ ಮೊದಲನೇ ದಾರಿಯಲ್ಲಿ ಡಬ್ಲಿನ್ ತನಕ ಟಿಕೆಟ್ 260 ಡಾಲರ್ ಅಂದ್ಕೊಳ್ಳಿ, ಬ್ಯಾಗ್ 80, ಡಬ್ಲಿನ್‌ನಿಂದ ಬಾರ್ಸಿಲೋನಾಕ್ಕೆ ಇನ್ನೊಂದು ಫ್ಲೈಟ್ ಬ್ಯಾಗ್ ಸೇರಿ 110, ಡಬ್ಲಿನ್‌ನಲ್ಲಿ ಒಂದು ರಾತ್ರಿ 150, ಒಟ್ಟು 600. ಎರಡನೇ ದಾರಿ ಕ್ರೂಸ್ ಕಂಪನಿಯದ್ದು, ನೇರ ಬಾರ್ಸಿಲೋನಾಕ್ಕೆ 480, ಬ್ಯಾಗ್ 75, ಒಟ್ಟು 555. ಮೊದಲು 260 ನೋಡಿ ಕುಣಿದವರು 45 ಡಾಲರ್ ಜಾಸ್ತಿ ಕೊಟ್ಟು ಒಂದು ದಿನ ಕಳ್ಕೊಂಡ ಹಾಗಾಯ್ತು. ಇಬ್ಬರು ಹೋಗೋದಾದ್ರೆ ಹೋಟೆಲ್ ಹಂಚಿಹೋಗತ್ತೆ, ಆಗ ಉತ್ತರ ಬದಲಾಗ್ಬಹುದು, ಅದಕ್ಕೇ ತಲೆ ಲೆಕ್ಕ ಬೇಡ, ಬರೆದೇ ನೋಡಿ.

## ಹಂತ 10: ಬುಕ್ ಮಾಡಿ, ಕಾಗದ ಪತ್ರ ರೆಡಿ ಮಾಡಿ

ಟೋಟಲ್ ಒಪ್ಪಿಗೆ ಆದ್ರೆ ಬುಕ್ ಮಾಡಿ. ಅಮೆರಿಕಕ್ಕೆ ಅಥವಾ ಅಲ್ಲಿಂದ ಹೋಗೋ ಫ್ಲೈಟನ್ನ ಏರ್‌ಲೈನ್ ಹತ್ರವೇ, ಹೊರಡೋಕೆ ಕನಿಷ್ಠ 7 ದಿನ ಮುಂಚೆ ತಗೊಂಡ್ರೆ 24 ಗಂಟೆ ಒಳಗೆ ದಂಡ ಇಲ್ಲದೆ ಕ್ಯಾನ್ಸಲ್ ಮಾಡೋಕೆ ಬಿಡ್ಬೇಕು, ಇಲ್ಲಾ ದುಡ್ಡು ಕಟ್ಟದೆ 24 ಗಂಟೆ ಆ ರೇಟ್ ಹಿಡಿದಿಡೋಕೆ ಬಿಡ್ಬೇಕು ಅಂತ ಅಲ್ಲಿನ ನಿಯಮ ಇದೆ. ಆ ಒಂದು ದಿನದಲ್ಲಿ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇದೆಯಾ, ತಾರೀಖು, ಏರ್‌ಪೋರ್ಟ್, ಬ್ಯಾಗ್ ಎಲ್ಲ ಮತ್ತೆ ನೋಡಿ.

ಒನ್ ವೇ ಟಿಕೆಟ್ ಹಿಡ್ಕೊಂಡು ಚೆಕ್ ಇನ್‌ಗೆ ಹೋದ್ರೆ 'ವಾಪಸ್ ಟಿಕೆಟ್ ಎಲ್ಲಿ' ಅಂತ ಕೇಳೇ ಕೇಳ್ತಾರೆ. ಕ್ರೂಸ್ ಕನ್ಫರ್ಮೇಷನ್ ಪ್ರಿಂಟ್ ತಗೊಂಡಿರಿ, ಅದ್ರಲ್ಲಿ ನಿಮ್ಮ ಹೆಸರು, ಹಡಗಿನ ಹೆಸರು, ಹೊರಡೋ ತಾರೀಖು ಕಾಣ್ಬೇಕು. ಫೋನಲ್ಲಿದೆ ಅಂತ ನಂಬ್ಬೇಡಿ. ಅಮೆರಿಕಕ್ಕೆ ಹಡಗಲ್ಲಿ ಹೋದ್ರೂ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ದೇಶದವರು ಆನ್‌ಲೈನಲ್ಲಿ ತಗೊಳ್ಳೋ ಅನುಮತಿ) ಬೇಕೇ ಬೇಕು.

ಷೆಂಗೆನ್ ವೀಸಾ ಮೇಲೆ ಹೋಗೋರು ಹಡಗಿನ ದಾರಿ ಪೂರ್ತಿ ಓದಿ. ಅಜೋರ್ಸ್, ಮಡೇರಾ ಪೋರ್ಚುಗಲ್‌ಗೆ ಸೇರಿದ್ದು, ಕೆನರಿ ದ್ವೀಪಗಳು ಸ್ಪೇನ್‌ಗೆ. ಬಾರ್ಸಿಲೋನಾದಿಂದ ಹೊರಟು ಮೊರಾಕೊ ಮುಟ್ಟಿ ಮತ್ತೆ ಕೆನರಿಗೆ ಹೋಗೋ ಹಡಗಾದ್ರೆ ಸಿಂಗಲ್ ಎಂಟ್ರಿ ವೀಸಾ ಸಾಕಾಗಲ್ಲ, ಮಲ್ಟಿಪಲ್ ಎಂಟ್ರಿ ಬೇಕು.

ಇನ್ಶೂರೆನ್ಸ್ ತಗೊಳ್ಳಿ, ಫ್ಲೈಟ್ ಲೇಟಾಗಿ ಹಡಗು ತಪ್ಪಿದ್ರೆ ಕೊಡತ್ತಾ ಅನ್ನೋ ಸಾಲು ಹುಡುಕಿ ಓದಿ, ಬೇರೆ ಬೇರೆ ಟಿಕೆಟ್ ಇದ್ರೆ ಎಷ್ಟು ಗಂಟೆ ಅಂತರ ಇಟ್ಟಿರ್ಬೇಕು ಅಂತಲೂ ಅದ್ರಲ್ಲಿ ಬರೆದಿರತ್ತೆ. ಯುರೋಪಿಯನ್ ಯೂನಿಯನ್‌ನಿಂದ ಹೊರಡೋ ಫ್ಲೈಟ್ ತುಂಬಾ ಲೇಟಾದ್ರೆ ಏರ್‌ಲೈನ್ ತಪ್ಪಿದ್ದಾಗ 600 ಯೂರೊ ತನಕ ಪರಿಹಾರ ಕೇಳ್ಬಹುದು, ಆದ್ರೆ ತಪ್ಪಿದ ಕ್ರೂಸ್‌ನ ದುಡ್ಡು ಅದ್ರಲ್ಲಿ ಬರಲ್ಲ. ಅಮೆರಿಕದ ಏರ್‌ಲೈನಲ್ಲಿ ಅಮೆರಿಕದಿಂದ ಯುರೋಪಿಗೆ ಹೋಗ್ತಿದ್ರೆ ಅದೂ ಇಲ್ಲ.

## ಈ ಗುರುತು ಕಂಡ್ರೆ ನಿಲ್ಲಿ

ಸರ್ಚಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಸಣ್ಣ ಅಕ್ಷರದಲ್ಲಿ ಇದ್ರೆ ಅದು ಎರಡು ಟಿಕೆಟ್. ಇಳಿಯೋ ಏರ್‌ಪೋರ್ಟ್ ಒಂದು, ಮತ್ತೆ ಹತ್ತೋ ಏರ್‌ಪೋರ್ಟ್ ಇನ್ನೊಂದು ಇದ್ರೆ, ಉದಾಹರಣೆಗೆ ಹೀಥ್ರೂಗೆ ಇಳಿದು ಗ್ಯಾಟ್ವಿಕ್‌ನಿಂದ ಹತ್ತೋದು, ಬಿಟ್ಟುಬಿಡಿ. ಬೇರೆ ಎಲ್ಲರಿಗಿಂತ ತುಂಬಾ ಕಮ್ಮಿ ಇರೋ ರೇಟು ಕ್ಲಿಕ್ ಮಾಡಿದಾಗ ಮೂರು ಸಲ ಬದಲಾದ್ರೆ ಆ ಸೈಟ್ ಬೇಡ. ಏರ್‌ಲೈನ್ ನಿಮ್ಮ ಸೀಸನ್‌ಗೆ ಬೇರೆ ರೂಟುಗಳನ್ನ ಒಂದೊಂದಾಗಿ ನಿಲ್ಲಿಸ್ತಾ ಬಂದ್ರೆ ನಿಮ್ಮ ರೂಟಿನ ಬದಲಿ ಈಗ್ಲೇ ನೋಡಿಟ್ಕೊಳ್ಳಿ.

ಕ್ರೂಸ್ ಫೈನಲ್ ಪೇಮೆಂಟ್ ಸಾಮಾನ್ಯವಾಗಿ ಹಡಗು ಹೊರಡೋ ಎರಡೂವರೆಯಿಂದ ನಾಲ್ಕು ತಿಂಗಳು ಮುಂಚೆ ಬರತ್ತೆ. ಅದಕ್ಕೆ ಎರಡು ವಾರ ಮುಂಚೆ ಫ್ಲೈಟ್ ಇನ್ನೂ ಅದೇ ಟೈಮಿಗೆ ಇದೆಯಾ ಅಂತ ಏರ್‌ಲೈನ್ ಸೈಟಲ್ಲಿ ನೋಡಿ, ರೇಟ್ ಇಳಿದಿದ್ರೆ ಬದಲಾಯಿಸೋಕೆ ಆಗತ್ತಾ ಕೇಳಿ. ಇನ್ನೂ ಫ್ಲೈಟೇ ಸಿಕ್ಕಿಲ್ಲ, ಸಿಗೋದೆಲ್ಲ ಬಜೆಟ್ ಮೀರಿದೆ ಅಂದ್ರೆ ಆ ಕ್ರೂಸ್ ಬಿಟ್ಟು ಬೇರೆ ತಾರೀಖಿಗೆ ಹೋಗೋಕೆ ಅದೇ ಕೊನೇ ದಿನಗಳು, ಪೇಮೆಂಟ್ ಮಾಡಿದ ಮೇಲೆ ಕಂಪನಿಗಳು ದಂಡ ಹಿಡಿಯೋಕೆ ಶುರು ಮಾಡತ್ವೆ.